ಅರ್ಥ ಬೇಡದ ಪದಭಕ್ತರು

2015ರ ಜುಲೈ ತಿಂಗಳಲ್ಲಿ ಬೆಲ್ಜಿಯಂನ ಲೂವೇನ್-ಲಾ-ನವ್ ಎಂಬ ಊರಿನಲ್ಲಿ ಸ್ಕ್ರ್ಯಾಬಲ್ ಎಂಬ, ಅಕ್ಷರದ ಬಿಲ್ಲೆಗಳಿಂದ ಹಲಗೆಯ ಮೇಲೆ ಪದ ಕಟ್ಟುವ ಆಟದ ಫ್ರೆಂಚ್ ವಿಶ್ವ ಪಂದ್ಯಾವಳಿ ನಡೆಯಿತು. ಗೆದ್ದವರು ನ್ಯೂಜಿಲೆಂಡ್ ಮೂಲದ, ಮಲೇಷ್ಯಾದಲ್ಲಿ ನೆಲೆಸಿರುವ ನೈಜೆಲ್ ರಿಚರ್ಡ್ಸ್. ಅವರಿಗೆ ಫ್ರೆಂಚ್ ಬರುತ್ತಿರಲಿಲ್ಲ. ಪಂದ್ಯಕ್ಕೆ ಸುಮಾರು ಒಂಬತ್ತು ವಾರ ಇರುವಾಗ ಫ್ರೆಂಚ್ ಪದಪಟ್ಟಿಯನ್ನು ಎದುರಿಗಿಟ್ಟುಕೊಂಡು ಉರು ಹೊಡೆದರು, ಬಂದರು, ಹುಟ್ಟಿನಿಂದ ಫ್ರೆಂಚ್ ಆಡಿದವರನ್ನೆಲ್ಲ ಸೋಲಿಸಿ ಹೋದರು. 2018ರಲ್ಲಿ ಅದೇ ಕಿರೀಟ ಮತ್ತೊಮ್ಮೆ ಸಿಕ್ಕಿತು. 2024ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಸ್ಪ್ಯಾನಿಷ್ ಪ್ರಶಸ್ತಿಯನ್ನೂ ಹೀಗೆಯೇ ಗೆದ್ದರು. ಸ್ಪ್ಯಾನಿಷ್ ಕೂಡ ಅವರಿಗೆ ಬಾರದ ಭಾಷೆ. ಪತ್ರಿಕೆಗಳು ಇದನ್ನು ವಿಚಿತ್ರ ಪ್ರತಿಭೆಯ ಸುದ್ದಿಯಾಗಿ ಬರೆದು ಮುಗಿಸಿದವು. ಆದರೆ ಇಲ್ಲೊಂದು ತತ್ತ್ವದ ಪ್ರಶ್ನೆ ಉಳಿದುಹೋಗಿದೆ. ಈ ಮನುಷ್ಯ ಫ್ರೆಂಚ್ ಪದಗಳನ್ನು ಬಲ್ಲವರೋ ಅಲ್ಲವೋ? ಅರ್ಥ ಕಳೆದ ಮೇಲೂ ಪದ ಪದವಾಗಿಯೇ ಉಳಿಯುತ್ತದೆಯೇ? ನಮ್ಮಲ್ಲಿ ಈ ಪ್ರಶ್ನೆಯನ್ನು ಪದದಾಟದ ನೆಪದಲ್ಲಿ ಯಾರೂ ಕೇಳಲಿಲ್ಲ, ಮಂತ್ರದ ವಿಷಯದಲ್ಲಿ ಕೇಳಿದರು. ಅರ್ಥವರಿಯದೆ ವೇದ ಹೇಳಿದರೆ, ಮನಸ್ಸಿಲ್ಲದೆ ದೇವರ ಹೆಸರು ಕರೆದರೆ ಅದು ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಎರಡು ಸಾವಿರ ವರ್ಷಕ್ಕೂ ಹಳೆಯ ಜಗಳ. ಆ ಜಗಳಕ್ಕೆ ಸ್ಕ್ರ್ಯಾಬಲ್ ಕ್ಲಬ್ಬುಗಳು ತಮಗೇ ತಿಳಿಯದಂತೆ ಒಳ್ಳೆಯ ಪುರಾವೆ ಒದಗಿಸಿವೆ ಎಂಬುದು ನನ್ನ ವಾದ.

ಮೊದಲು ಕ್ಲಬ್ಬಿನ ಮಂದಿಯನ್ನು ನೋಡೋಣ. ಆಟ ಹುಟ್ಟಿದ್ದು 1930ರ ದಶಕದ ಆರ್ಥಿಕ ಕುಸಿತದಲ್ಲಿ, ಕೆಲಸ ಕಳೆದುಕೊಂಡು ಕೂತಿದ್ದ ಆಲ್ಫ್ರೆಡ್ ಬಟ್ಸ್ ಎಂಬ ನ್ಯೂಯಾರ್ಕಿನ ವಾಸ್ತುಶಿಲ್ಪಿಯ ಕೈಯಲ್ಲಿ. ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಆತ ಅಕ್ಷರಗಳಿಗೆ ಬೆಲೆ ಕಟ್ಟಿದ. ಜಾಕ್ಸನ್ ಹೈಟ್ಸ್ ಬಡಾವಣೆಯ ಮೆಥಡಿಸ್ಟ್ ಚರ್ಚಿನಲ್ಲಿ ನೆರೆಹೊರೆಯವರ ಜೊತೆ ಆಡಿ ಆಡಿ ಆಟವನ್ನು ತಿದ್ದಿದ. ಸ್ಕ್ರ್ಯಾಬಲ್ ಎಂಬ ಹೆಸರು ಬಂದದ್ದು 1948ರಲ್ಲಿ. ಮುಂದೆ ಕ್ಲಬ್ಬುಗಳು ಎದ್ದವು, ಅವುಗಳ ಸುತ್ತ ಒಂದು ವಿಲಕ್ಷಣ ಸಂಸಾರವೇ ಕೂಡಿಕೊಂಡಿತು. ಜೋ ಎಡ್ಲಿ ರಾತ್ರಿ ಕಾವಲುಗಾರನ ಕೆಲಸ ಹಿಡಿದು, ಆ ಹೊತ್ತಿನಲ್ಲೇ ನಿಘಂಟು ಬಾಯಿಪಾಠ ಮಾಡಿ, 1980ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದವರು. ಮುಂದೆ ಎರಡು ಸಲ ಅದೇ ಪಟ್ಟ ಗೆದ್ದರು. ಆಟಕ್ಕೆ ಮುನ್ನ ಉಸಿರಾಟ, ತಾಯ್ ಚೀ, ಮನಸ್ಸಿನ ಶಿಸ್ತು ಎಲ್ಲವೂ ಬೇಕಿತ್ತು ಅವರಿಗೆ. 1997ರ ವಿಶ್ವ ಚಾಂಪಿಯನ್ ಜೋಯೆಲ್ ಶೆರ್ಮನ್‌ಗೆ ಹೊಟ್ಟೆಯ ಉಪದ್ರವವೇ ಅಡ್ಡಹೆಸರಾಗಿ ಅಂಟಿತ್ತು. ಆ ವರ್ಷ ಫೈನಲ್‌ನಲ್ಲಿ ಅವರಿಗೆ ಸೋತ ಮ್ಯಾಟ್ ಗ್ರಹಾಂ ವೇದಿಕೆಯ ಮೇಲೆ ನಗೆಮಾತು ಹೇಳಿ ಬದುಕುತ್ತಿದ್ದವರು, ಬುದ್ಧಿ ಚುರುಕಾಗಲೆಂದು ಚೀಲದ ತುಂಬ ಗುಳಿಗೆ ಹೊತ್ತು ಬರುತ್ತಿದ್ದವರು. ಸ್ಟೀಫನ್ ಫ್ಯಾಟ್ಸಿಸ್ 2001ರಲ್ಲಿ ಬರೆದ ಪುಸ್ತಕದಿಂದ ಇವರೆಲ್ಲ ಹೊರಜಗತ್ತಿಗೂ ಪರಿಚಿತರಾದರು. ಅತ್ತ ಥಾಯ್ಲೆಂಡಿನಿಂದ 2003ರಲ್ಲಿ ಪನುಪೋಲ್ ಸುಜ್ಜಯಕೋರ್ನ್, 2009ರಲ್ಲಿ ಪಕೋರ್ನ್ ನೆಮಿತ್ರಮನ್ಸುಕ್ ಇಂಗ್ಲಿಷ್ ಆಟದ ವಿಶ್ವ ಚಾಂಪಿಯನ್ನರಾದರು. ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ತಡವರಿಸುವ ಥಾಯ್ ಆಟಗಾರರು ಇಂಗ್ಲಿಷ್ ಪ್ರಾಧ್ಯಾಪಕರನ್ನು ಸುಲಭವಾಗಿ ಮಣಿಸಬಲ್ಲರು. ಸ್ವಭಾವ, ದೇಶ, ಕಸುಬು ಎಲ್ಲ ಬೇರೆಯಾದರೂ ಇವರೆಲ್ಲರಿಗೂ ಸಮಾನವಾದ ಒಂದು ನಂಬಿಕೆಯುಂಟು: ಪದ ಬೇಕು, ಅದರ ಅರ್ಥ ಕಟ್ಟಿಕೊಂಡು ನಮಗೇನಾಗಬೇಕು?

ಈ ನಂಬಿಕೆ ಸೋಮಾರಿಗಳದ್ದಲ್ಲ, ಆಟದ ಒಳಗಿನ ಕಟ್ಟಳೆಯೇ ಅದನ್ನು ಬೇಡುತ್ತದೆ. ಚೀನೀಯರು ಹೇಳುವ ಪ್ರಾಣಶಕ್ತಿಯನ್ನು ಇಂಗ್ಲಿಷಿನಲ್ಲಿ ಸಿ-ಎಚ್-ಐ ಎಂದೂ ಬರೆಯಬಹುದು, ಕ್ಯೂ-ಐ ಎಂದೂ ಬರೆಯಬಹುದು. ವಸ್ತು ಒಂದೇ. ಹಲಗೆಯ ಮೇಲೆ ಮೂರಕ್ಷರದ ಮೊದಲನೆಯದಕ್ಕೆ 8 ಅಂಕ, ಎರಡಕ್ಷರದ ಎರಡನೆಯದಕ್ಕೆ 11. ಪ್ರಾಣಶಕ್ತಿಯ ಬಗ್ಗೆ ಗ್ರಂಥವನ್ನೇ ಬರೆದವನಿಗೂ ಇಲ್ಲಿ ಒಂದು ಅಂಕ ಹೆಚ್ಚು ಸಿಗುವುದಿಲ್ಲ. ಪಂದ್ಯದಲ್ಲಿ ತಗಾದೆ ಬಂದಾಗ ನಡೆಯುವುದನ್ನು ಗಮನಿಸಿ. ಗಡಿಯಾರ ನಿಲ್ಲಿಸಿ ಇಬ್ಬರೂ ಎದ್ದು ಮೂಲೆಯ ಕಂಪ್ಯೂಟರಿಗೆ ಹೋಗುತ್ತಾರೆ. ಪ್ರಶ್ನಿಸಿದವನು ಪದವನ್ನು ಟೈಪು ಮಾಡುತ್ತಾನೆ, ಇನ್ನೊಬ್ಬ ಕಾಗುಣಿತ ಸರಿಯಿದೆಯೇ ಎಂದು ನೋಡುತ್ತಾನೆ. ತೆರೆ ಹಸಿರಾದರೆ ಪದ ಸಿಂಧು, ಕೆಂಪಾದರೆ ಅಸಿಂಧು. ಅಷ್ಟೇ. ಎರಡು ಮೂರು ಪದಗಳನ್ನು ಒಟ್ಟಿಗೆ ಪ್ರಶ್ನಿಸಿದ್ದರೆ ತಪ್ಪಿದ್ದು ಯಾವುದು ಎಂದು ಕೂಡ ಅದು ಹೇಳುವುದಿಲ್ಲ. ಅರ್ಥದ ಮಾತಂತೂ ದೂರ. ಚೀಲದಿಂದ ಬಿಲ್ಲೆ ತೆಗೆಯುವಾಗ ಚೀಲವನ್ನು ಕಣ್ಣಿಗಿಂತ ಮೇಲೆ ಎತ್ತಿ ಹಿಡಿಯಬೇಕು. ಕೊರೆದ ಅಕ್ಷರವನ್ನು ಬೆರಳಿನಿಂದ ತಡವಿ ಗುರುತಿಸಬಾರದೆಂದು ನುಣುಪಾದ ಬಿಲ್ಲೆಗಳನ್ನೇ ಬಳಸುತ್ತಾರೆ. ಇಷ್ಟು ಮಡಿ, ಇಷ್ಟು ನೇಮ ಇರುವ ಕಡೆ ಅರ್ಥಕ್ಕೆ ಮಾತ್ರ ಮಣೆಯಿಲ್ಲ. ಪದದ ಆಟವೆಂದರೆ ಹೀಗೆಯೇ ಇರಬೇಕೆಂದೇನಿಲ್ಲ. ನಮ್ಮ ಅವಧಾನದ ನಿಷೇಧಾಕ್ಷರಿಯಲ್ಲಿ ಪೃಚ್ಛಕರು ಮುಂದಿನ ಅಕ್ಷರವನ್ನು ನಿಷೇಧಿಸುತ್ತ ಹೋದಂತೆ ಅವಧಾನಿ ಬೇರೆ ಅಕ್ಷರ ಹುಡುಕಿ ಪದ್ಯ ಕಟ್ಟುತ್ತಾರೆ. ಆ ಪದ್ಯಕ್ಕೆ ಅರ್ಥವೂ ಇರಬೇಕು, ಛಂದಸ್ಸೂ ಕೆಡಬಾರದು. ಇಲ್ಲದಿದ್ದರೆ ಸಭೆ ಒಪ್ಪುವುದಿಲ್ಲ. ಸ್ಕ್ರ್ಯಾಬಲ್ ಬೇರೆ ದಾರಿ ಹಿಡಿಯಿತು.

ಈ ದಾರಿಯನ್ನು ನಮ್ಮಲ್ಲಿ ಮೊದಲು ಹಿಡಿದವನು ಕೌತ್ಸನೆಂಬ ಪ್ರಾಚೀನ ಪಂಡಿತ. ಆತನ ಗ್ರಂಥ ಉಳಿದಿಲ್ಲ. ವಾದ ಮಾತ್ರ ವೇದದ ಪದಗಳ ಅರ್ಥ ಬಿಡಿಸುವ ಯಾಸ್ಕನ ನಿರುಕ್ತವೆಂಬ ಗ್ರಂಥದಲ್ಲಿ ಪೂರ್ವಪಕ್ಷವಾಗಿ ಉಳಿದಿದೆ. ಮಂತ್ರಗಳಿಗೆ ಅರ್ಥವಿಲ್ಲ ಎನ್ನುತ್ತಾನೆ ಕೌತ್ಸ, ಅದೂ ನಾಸ್ತಿಕನಾಗಿ ಅಲ್ಲ. ಮಂತ್ರದಲ್ಲಿ ಪದ ಬದಲಿಸುವಂತಿಲ್ಲ, ಅನುಕ್ರಮ ತಪ್ಪಿಸುವಂತಿಲ್ಲ. ಅಗ್ನಿ ಎಂದಿರುವ ಕಡೆ ಅದೇ ಅರ್ಥದ ಬೇರೆ ಪದ ಹಾಕಿದರೆ ಮಂತ್ರ ಕೆಟ್ಟಿತು. ಅರ್ಥ ಮುಖ್ಯವಾಗಿದ್ದರೆ ಸಮಾನಾರ್ಥಕ ಪದದಿಂದ ಏನು ನಷ್ಟವಾಗುತ್ತಿತ್ತು? ವೇದ ಒಂದು ಕಡೆ ರುದ್ರ ಒಬ್ಬನೇ ಎನ್ನುತ್ತದೆ, ಇನ್ನೊಂದು ಕಡೆ ಸಾವಿರಾರು ರುದ್ರರು ಎನ್ನುತ್ತದೆ. ಕೆಲವು ಪದಗಳಂತೂ ಯಾರಿಗೂ ತಿಳಿಯುವುದಿಲ್ಲ. ಜರ್ಭರೀ, ತುರ್ಫರೀ ಎಂಬಂಥ ಪದಗಳನ್ನು ಹಿಡಿದು ಚಾರ್ವಾಕರು ಮುಂದೆ ಚೆನ್ನಾಗಿಯೇ ಗೇಲಿ ಮಾಡಿದರು. ಜೈಮಿನಿಯ ಮೀಮಾಂಸಾಸೂತ್ರ ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡಿತು, ಮಂತ್ರಕ್ಕೆ ಅರ್ಥ ಉಂಟೆಂದೇ ತೀರ್ಮಾನಿಸಿತು. ಆದರೂ ಕೌತ್ಸನ ಮಾತು ಸಾಯಲಿಲ್ಲ. 1975ರಲ್ಲಿ ಕೇರಳದ ಪಾಂಜಾಳದಲ್ಲಿ ನಂಬೂದಿರಿಗಳು ನಡೆಸಿದ ಅಗ್ನಿಚಯನವನ್ನು ಹತ್ತಿರದಿಂದ ದಾಖಲಿಸಿದ ಡಚ್ ವಿದ್ವಾಂಸ ಫ್ರಿಟ್ಸ್ ಸ್ತಾಲ್, ಯಜ್ಞವೆಂದರೆ ಅರ್ಥವಿಲ್ಲದ ನಿಯಮಗಳ ಕಟ್ಟು ಎಂಬ ನಿಲುವಿಗೆ ಬಂದರು. ಯಾಕೆ ಹೀಗೆ ಮಾಡುತ್ತೀರಿ ಎಂದು ಋತ್ವಿಜರನ್ನು ಕೇಳಿದರೆ ಹಿರಿಯರು ಹೀಗೆ ಮಾಡಿದರು ಎಂಬುದೇ ಉತ್ತರ. ಗಮನವೆಲ್ಲ ಸ್ವರ ತಪ್ಪದಿರುವುದರ ಮೇಲೆ, ಇಟ್ಟಿಗೆ ಸರಿಯಾದ ಜಾಗದಲ್ಲಿ ಕೂರುವುದರ ಮೇಲೆ. ಸ್ಕ್ರ್ಯಾಬಲ್ ಕ್ಲಬ್ಬಿನವರು ಇದನ್ನು ಓದಿದ್ದರೆ ತಲೆದೂಗುತ್ತಿದ್ದರು.

ಹಾಗಾದರೆ ಅರ್ಥವಿಲ್ಲದ ಪದಜ್ಞಾನ ಜ್ಞಾನವೇ ಅಲ್ಲವೇ? ಇಲ್ಲಿ ಬೇಗ ತೀರ್ಪು ಕೊಡುವುದು ತಪ್ಪು. ಶೃಂಗೇರಿಯಲ್ಲೋ ಮತ್ತೂರಿನಲ್ಲೋ ಪಾಠಶಾಲೆಯ ಹುಡುಗ ಘನಪಾಠ ಒಪ್ಪಿಸುವುದನ್ನು ಕೇಳಿ ನೋಡಿ. ಮೊದಲ ಪದ, ಎರಡನೆಯದು. ಮತ್ತೆ ಎರಡನೆಯದು, ಮೊದಲನೆಯದು. ಮತ್ತೆ ಮೂರನ್ನೂ ಮುಂದಕ್ಕೆ, ಮೂರನ್ನೂ ಹಿಂದಕ್ಕೆ. ಹೀಗೆ ಪದಗಳನ್ನು ಹೆಣೆದು ಬಿಚ್ಚಿ ಹೇಳುವಾಗ ವಾಕ್ಯದ ಅರ್ಥ ಉಳಿಯುವುದಿಲ್ಲ, ಉಳಿಯಬೇಕೆಂಬ ಉದ್ದೇಶವೂ ಇಲ್ಲ. ಸಂಧಿ ಎಲ್ಲಿ, ಸ್ವರ ಎಲ್ಲಿ ಎಂಬುದು ಒಂದಿಷ್ಟೂ ಸವೆಯದಂತೆ ಕಾಪಾಡುವ ಉಪಾಯ ಇದು. ಅರ್ಥ ಬಲ್ಲವರಿಗಿಂತ ಉಚ್ಚಾರ ಬಲ್ಲವರೇ ಆ ಶಬ್ದರಾಶಿಯನ್ನು ನಮ್ಮವರೆಗೆ ತಂದು ಮುಟ್ಟಿಸಿದರು ಎಂಬುದನ್ನು ಒಪ್ಪಲೇಬೇಕು. ಅರ್ಥ ತಿಳಿದವನಿಗೆ ಪದ ಬದಲಿಸುವ ಚಪಲವಿರುತ್ತದೆ, ತಿಳಿಯದವನಿಗೆ ಆ ಕಾಟವಿಲ್ಲ. ಭಕ್ತಿಪಂಥವೂ ಅರಿವಿಲ್ಲದ ಉಚ್ಚಾರಕ್ಕೆ ದೊಡ್ಡ ಮನ್ನಣೆ ಕೊಟ್ಟಿದೆ. ಬೇಡನೊಬ್ಬ ಮರಾ ಮರಾ ಎಂದು ಅಕ್ಷರ ತಿರುಗಿಸಿ ಜಪಿಸಿ ವಾಲ್ಮೀಕಿಯಾದ ಕಥೆ ಮನೆಮನೆಯದ್ದು. ಭಾರತದ ಅತಿ ಪ್ರಸಿದ್ಧ ಅಕ್ಷರಪಲ್ಲಟ ಅದೇ ಇರಬೇಕು. ಭಾಗವತದ ಅಜಾಮಿಳ ಸಾಯುವ ಹೊತ್ತಿಗೆ ಕರೆದದ್ದು ದೇವರನ್ನಲ್ಲ, ನಾರಾಯಣನೆಂಬ ಮಗನನ್ನು. ಆದರೂ ವಿಷ್ಣುದೂತರು ಬಂದರು. ಉದ್ದೇಶ ಬೇರೆಯಾದರೂ ಹೆಸರು ತನ್ನ ಕೆಲಸ ಮಾಡಿತು ಎಂಬುದು ಕಥೆಯ ಮಾತು.

ಇದಕ್ಕೆ ಎದುರು ನಿಲ್ಲುವವರೂ ನಮ್ಮವರೇ. ಅರ್ಥ ತಿಳಿಯದೆ ವೇದ ಕಲಿತವನು ಬರೀ ಹೊರೆ ಹೊತ್ತ ಕಂಬ ಎಂಬ ಕಠಿಣ ಮಾತನ್ನು ಯಾಸ್ಕನೇ ತನ್ನ ಗ್ರಂಥದಲ್ಲಿ ಉಲ್ಲೇಖಿಸುತ್ತಾನೆ. ಹನ್ನೆರಡನೆಯ ಶತಮಾನದ ಶರಣರಿಗಂತೂ ನಡೆಯಾಗದ ನುಡಿ ಎಂದರೆ ಸಿಟ್ಟು. ಬಾಯಿಪಾಠದ ಪಾಂಡಿತ್ಯವನ್ನು ಅವರು ಗಿಳಿಯ ಮಾತಿಗಿಂತ ಮೇಲೆ ಕೂರಿಸಲಿಲ್ಲ. ಈ ಆಕ್ಷೇಪಕ್ಕೆ ಪೂರ್ತಿ ತಲೆಬಾಗುವುದು ನನಗೆ ಸಾಧ್ಯವಿಲ್ಲ. ಗಿಳಿ ತಾನು ಹೇಳಿದ್ದು ತಪ್ಪೋ ಸರಿಯೋ ಎಂದು ಪರೀಕ್ಷಿಸುವುದಿಲ್ಲ. ರಿಚರ್ಡ್ಸ್ ಪರೀಕ್ಷಿಸುತ್ತಾರೆ, ಘನಪಾಠಿಯೂ ಪರೀಕ್ಷಿಸುತ್ತಾನೆ. ಲಕ್ಷಗಟ್ಟಲೆ ಪದಗಳಲ್ಲಿ ಯಾವುದು ಇದೆ ಯಾವುದು ಇಲ್ಲ ಎಂದು ಅರೆಗಳಿಗೆಯಲ್ಲಿ ನಿರ್ಣಯಿಸುವುದು, ಎದುರಾಳಿಯ ಪದ ತಪ್ಪಾದರೆ ಹಿಡಿಯುವುದು, ಚೀಲದಲ್ಲಿ ಉಳಿದ ಅಕ್ಷರಗಳ ಲೆಕ್ಕವಿಟ್ಟು ಮುಂದಿನ ನಡೆ ಊಹಿಸುವುದು, ಇವೆಲ್ಲ ತಿಳಿವಳಿಕೆಯ ಕೆಲಸಗಳೇ. ಅದು ಪದದ ರೂಪದ ತಿಳಿವು, ಅಷ್ಟೇ. ಛಾಂದೋಗ್ಯ ಉಪನಿಷತ್ತಿನ ಆರಂಭದಲ್ಲೇ ಇದಕ್ಕೆ ಬಹಳ ಸಮಾಧಾನದ ಒಂದು ಉತ್ತರವಿದೆ. ಓಂಕಾರವನ್ನು ಹಿಡಿದು, ಅದನ್ನು ತಿಳಿದವನೂ ಕರ್ಮ ಮಾಡುತ್ತಾನೆ, ತಿಳಿಯದವನೂ ಮಾಡುತ್ತಾನೆ. ತಿಳಿದು, ಶ್ರದ್ಧೆಯಿಂದ ಮಾಡಿದ್ದು ಹೆಚ್ಚು ಬಲವುಳ್ಳದ್ದು ಎಂಬುದು ಅದರ ತಾತ್ಪರ್ಯ. ತಿಳಿಯದವನ ಕರ್ಮ ಸೊನ್ನೆ ಎಂದು ಅದು ಹೇಳುವುದಿಲ್ಲ. ಅಜ್ಜಿ ಅರ್ಥ ತಿಳಿಯದೆ ಸಹಸ್ರನಾಮ ಹೇಳುತ್ತಾಳೆಂದು ನಗುವವರು ಈ ವಾಕ್ಯವನ್ನು ಒಮ್ಮೆ ನೋಡಬೇಕು.

ಇಲ್ಲಿಯವರೆಗೆ ಕೌತ್ಸನಿಗೆ ಅರ್ಧ ಗೆಲುವು. ಉಳಿದರ್ಧ ಏಕೆ ಸಿಗುವುದಿಲ್ಲ ಎಂಬುದನ್ನು ತೋರಿಸಿದ್ದು ಕ್ಲಬ್ಬಿನೊಳಗೆ ಎದ್ದ ಒಂದು ಗಲಾಟೆ. ಅಮೆರಿಕದ ಸ್ಕ್ರ್ಯಾಬಲ್ ನಿಘಂಟಿನಲ್ಲಿ ಯಹೂದಿಗಳ ಹೆಸರೇ ಒಂದು ಕ್ರಿಯಾಪದವಾಗಿ, ಚೌಕಾಸಿ ಮಾಡಿ ಬೆಲೆ ಇಳಿಸು ಎಂಬ ಅರ್ಥದಲ್ಲಿ ಕೂತಿತ್ತು. ಕಪ್ಪು ಜನರನ್ನು, ವಲಸೆ ಬಂದವರನ್ನು, ಸಲಿಂಗಿಗಳನ್ನು ಹೀಯಾಳಿಸುವ ಪದಗಳೂ ಇದ್ದವು. 1993ರ ಸುಮಾರಿಗೆ ಮಹಿಳೆಯೊಬ್ಬರು ಇದನ್ನು ಕಂಡು ಆಕ್ಷೇಪ ಎತ್ತಿದರು, ಯಹೂದಿ ಸಂಘಟನೆ ದನಿಗೂಡಿಸಿತು, ಆಟವನ್ನು ಮಾರುವ ಕಂಪನಿ ಆ ಪದಗಳನ್ನು ಕಿತ್ತುಹಾಕುವುದಾಗಿ ಸಾರಿತು. ಕ್ಲಬ್ಬುಗಳು ಭುಗಿಲೆದ್ದವು. ಕೊನೆಗೊಂದು ರಾಜಿಯಾಯಿತು. ಮನೆ, ಶಾಲೆಗಳಿಗೆ ಮಾರುವ ನಿಘಂಟಿನಿಂದ ಆ ಪದಗಳು ಹೋದವು. ಕ್ಲಬ್ಬು ಮತ್ತು ಪಂದ್ಯಗಳಿಗೆ ಬೇರೆಯೇ ಪಟ್ಟಿ ಅಚ್ಚಾಯಿತು, ಅದರಲ್ಲಿ ಅವು ಉಳಿದವು. ಆ ಪಟ್ಟಿಯ ವಿಶೇಷವೆಂದರೆ ಅದರಲ್ಲಿ ಪದಗಳಿವೆ, ಅರ್ಥ ಕೊಟ್ಟಿಲ್ಲ. ಅರ್ಥವಿಲ್ಲದ ನಿಘಂಟು! ಕೌತ್ಸನ ಸಿದ್ಧಾಂತಕ್ಕೆ ಇದಕ್ಕಿಂತ ಶುದ್ಧವಾದ ಪುಸ್ತಕ ಹುಡುಕಿದರೂ ಸಿಗದು. ಕಾಲು ಶತಮಾನ ಅದು ನಡೆಯಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಹತ್ಯೆಯಾದ ನಂತರ ಅಮೆರಿಕ ಕುದಿಯುತ್ತಿದ್ದಾಗ ಉತ್ತರ ಅಮೆರಿಕದ ಆಟಗಾರರ ಸಂಘವೇ ಜನಾಂಗ, ಧರ್ಮ, ಲಿಂಗಗಳನ್ನು ನಿಂದಿಸುವ ಪದಗಳನ್ನು ಪಟ್ಟಿಯಿಂದ ತೆಗೆಯಿತು. ಮರುವರ್ಷ ಉಳಿದ ದೇಶಗಳ ಪಟ್ಟಿಯಿಂದಲೂ ಅಂಥವು ಹೊರಬಿದ್ದವು. ಎರಡು ಸಲವೂ ವಿರೋಧಿಸಿದ ಆಟಗಾರರ ವಾದ ಒಂದೇ: ಹಲಗೆಯ ಮೇಲಿರುವುದು ಮಾತಲ್ಲ, ಅಂಕ ತರುವ ಬಿಲ್ಲೆಗಳ ಸಾಲು. ಇಲ್ಲಿ ಯಾರೂ ಯಾರನ್ನೂ ಬೈಯುತ್ತಿಲ್ಲ.

ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಆಡುವವನ ಮನಸ್ಸಿನಲ್ಲಿ ದ್ವೇಷವಿಲ್ಲ ಎಂಬುದು ಬಹುಪಾಲು ನಿಜವೇ ಇರಬಹುದು. ಥಾಯ್ ಹುಡುಗನಿಗೆ ಆ ಪದದ ಇತಿಹಾಸವೇ ಗೊತ್ತಿಲ್ಲದಿರಬಹುದು. ಆದರೆ ವಾದದಲ್ಲಿ ಒಂದು ಬಿರುಕಿದೆ. ಚದುರಂಗದ ಕುದುರೆಗೆ ಆಟದ ಹೊರಗೆ ಯಾವ ಆಧಾರವೂ ಬೇಕಿಲ್ಲ. ಸ್ಕ್ರ್ಯಾಬಲ್ಲಿನ ಪದಕ್ಕೆ ಬೇಕು. ಏಳು ಅಕ್ಷರಗಳ ಯಾವುದೋ ಒಂದು ಸಾಲು ಸಿಂಧುವಾಗಿ, ಇನ್ನೊಂದು ಅಸಿಂಧುವಾಗುವುದೇಕೆ? ಮೊದಲನೆಯದನ್ನು ಯಾರೋ, ಎಲ್ಲೋ, ಯಾವುದೋ ಅರ್ಥದಲ್ಲಿ ಆಡಿದರು, ಬರೆದರು. ನಿಘಂಟುಕಾರ ಅದನ್ನು ದಾಖಲಿಸಿದ. ಕ್ಲಬ್ಬು ಅವನಿಂದ ಎರವಲು ತಂದಿತು. ಅಂದರೆ ಪದದ ಸಿಂಧುತ್ವವೇ ಅದರ ಅರ್ಥದಿಂದ ಬಂದದ್ದು. ಅರ್ಥದ ಸಾಲ ಪಡೆದು, ಅಂಕ ಎಣಿಸಿಕೊಂಡು, ಆಮೇಲೆ ಸಾಲ ಕೊಟ್ಟವನೇ ಇಲ್ಲ ಎನ್ನುವುದು ಹೇಗೆ ಸರಿ? ನಿಂದೆಯ ಪದವಂತೂ ಪಟ್ಟಿಗೆ ಬಂದದ್ದು ಎಷ್ಟೋ ಜನ ಎಷ್ಟೋ ಜನರ ಮುಖಕ್ಕೆ ಅದನ್ನು ಉಗಿದದ್ದರಿಂದ. ಯಾಸ್ಕ ಕೌತ್ಸನಿಗೆ ಕೊಟ್ಟ ಉತ್ತರ ಇಲ್ಲಿ ಚೆನ್ನಾಗಿ ಕೂರುತ್ತದೆ: ಕುರುಡನಿಗೆ ಕಂಬ ಕಾಣದಿದ್ದರೆ ಅದು ಕಂಬದ ತಪ್ಪಲ್ಲ ಎಂಬುದು ಅದರ ಸಾರ. ಅರ್ಥ ಕಾಣದಿರುವುದು ಬಳಸುವವನ ಸ್ಥಿತಿ. ಅದನ್ನು ಪದದ ಗುಣ ಎನ್ನಲು ಬರುವುದಿಲ್ಲ. ಎದುರಿಗೆ ಕೂತ ಆಟಗಾರ್ತಿಗೆ ಆ ಕಂಬ ಕಾಣುತ್ತಿದ್ದರೆ, ಬಾಲ್ಯದಲ್ಲಿ ಅದಕ್ಕೆ ಹಣೆ ಚಚ್ಚಿಕೊಂಡಿದ್ದರೆ, ಇಲ್ಲಿ ಕಂಬವೇ ಇಲ್ಲ ಎಂದು ಅವಳಿಗೆ ಹೇಳುವ ಅಧಿಕಾರ ನನಗೆಲ್ಲಿಂದ ಬಂತು?

ಹಾಗಾದರೆ ನಿಘಂಟಿನಿಂದಲೂ ಬೈಗುಳ ತೆಗೆಯಬೇಕೇ, ಕಾದಂಬರಿಯ ಪಾತ್ರ ಬೈಯಬಾರದೇ ಎಂದು ಕೇಳುವವರಿದ್ದಾರೆ. ಬೇಡವೇ ಬೇಡ. ನಿಘಂಟು ಆ ಪದವನ್ನು ಅರ್ಥದ ಜೊತೆ, ಇದು ನಿಂದಾರ್ಥಕ ಎಂಬ ಎಚ್ಚರಿಕೆಯ ಜೊತೆ ಇಡುತ್ತದೆ. ಕಾದಂಬರಿಕಾರ ಅದರ ನಂಜು ಗೊತ್ತಿದ್ದೇ ಪಾತ್ರದ ಬಾಯಲ್ಲಿ ಹಾಕುತ್ತಾನೆ. ಇಬ್ಬರೂ ಹೊಣೆ ಹೊರುತ್ತಾರೆ. ಕ್ಲಬ್ಬು ಕೇಳಿದ್ದು ಪದ ಬೇಕು, ಹೊಣೆ ಬೇಡ ಎಂದು. ಎಲ್ಲಿ ಗೆರೆ ಎಳೆಯುವುದು, ಇವತ್ತು ಈ ಪದ ನಾಳೆ ಇನ್ನೊಂದು ಎಂಬ ಆತಂಕ ಮಾತ್ರ ನಿಜವಾದದ್ದು. ಪಟ್ಟಿ ಮಾಡುವವರು ಎಡವುತ್ತಾರೆ, ಜಗಳವಾಗುತ್ತದೆ, ತಿದ್ದಬೇಕಾಗುತ್ತದೆ. ಗೆರೆ ಎಳೆಯುವುದು ಕಷ್ಟ ಎಂಬುದರಿಂದ ಗೆರೆಯೇ ಬೇಡ ಎಂದಾಗುವುದಿಲ್ಲ.

ಕನ್ನಡದವರು ಇದನ್ನು ದೂರದ ಊರಿನ ಆಟದ ಗೊಡವೆ ಎಂದು ಬಿಡುವ ಹಾಗಿಲ್ಲ. ಜಾತಿಯ ಹೆಸರು ಹಿಡಿದು ಹೀಗಳೆಯುವ ಗಾದೆಗಳು ನಮ್ಮಲ್ಲಿ ಇವೆ. ಆಡಿದವರನ್ನು ಕೇಳಿದರೆ, ಅದು ಗಾದೆ ಮಾರಾಯ್ರೇ, ಅರ್ಥ ಹಿಡಿದು ಹೇಳಿದ್ದಲ್ಲ ಎನ್ನುತ್ತಾರೆ. ಅದು ಕ್ಲಬ್ಬಿನವರ ಉತ್ತರವೇ. ಮದುವೆಯ ಮಂಟಪಕ್ಕೆ ಬನ್ನಿ. ಋಗ್ವೇದದ ವಿವಾಹಸೂಕ್ತದಲ್ಲಿ ವಧುವನ್ನು ಮೊದಲು ಸೋಮ, ಆಮೇಲೆ ಗಂಧರ್ವ, ಮೂರನೆಯವನಾಗಿ ಅಗ್ನಿ ಪಡೆದರು, ಮನುಷ್ಯ ನಾಲ್ಕನೆಯ ಪತಿ ಎಂಬ ಅರ್ಥದ ಮಂತ್ರವೊಂದಿದೆ. ಅದನ್ನು ಹೇಳುವ ಕಡೆಗಳಲ್ಲಿ ಓಲಗದ ಸದ್ದಿನಲ್ಲಿ ವಧುವಿಗೂ ಕೇಳಿಸುವುದಿಲ್ಲ, ವರನಿಗೂ ಕೇಳಿಸುವುದಿಲ್ಲ. ಅಕ್ಷರಶಃ ಹಿಡಿದು ಅದನ್ನು ಹೆಣ್ಣಿಗೆ ಮಾಡಿದ ಅವಮಾನ ಎಂದವರಿದ್ದಾರೆ. ಕನ್ಯೆ ಬೆಳೆಯುವ ಹಂತಗಳನ್ನು ಕಾಯುವ ದೇವತೆಗಳು ಎಂದು ಬಿಡಿಸಿದವರೂ ಇದ್ದಾರೆ. ಈ ಇಬ್ಬರೂ ಯಾಸ್ಕನ ದಾರಿಯಲ್ಲಿರುವವರು, ಏಕೆಂದರೆ ಇಬ್ಬರೂ ಅರ್ಥ ಹುಡುಕುತ್ತಿದ್ದಾರೆ. ಅದೆಲ್ಲ ಬರೀ ಮಂತ್ರ, ಅರ್ಥ ಯಾರು ನೋಡುತ್ತಾರೆ ಎನ್ನುವವನ ಜೊತೆ ಮಾತ್ರ ವಾದವೇ ಸಾಧ್ಯವಿಲ್ಲ. ಅರ್ಥ ಬಿಡಿಸಿ ಹೇಳಿದರೆ ಮಂತ್ರದ ಶಕ್ತಿ ಹೋಗುತ್ತದೆ ಎಂಬ ಹೆದರಿಕೆಯೂ ಕೆಲವರಿಗಿದೆ. ಛಾಂದೋಗ್ಯ ಹೇಳುವುದು ಅದರ ತದ್ವಿರುದ್ಧ. ತಿಳಿದು ಮಾಡಿದ್ದಕ್ಕೇ ಹೆಚ್ಚು ಬಲ. ಕುವೆಂಪು ಮಂತ್ರಮಾಂಗಲ್ಯವೆಂಬ ಮದುವೆಯ ವಿಧಿಯನ್ನು ರೂಪಿಸಿದ್ದು ಈ ಪ್ರಶ್ನೆಗೆ ಕೊಟ್ಟ ನೇರ ಉತ್ತರ. ಮಂತ್ರವನ್ನು ಬಿಡಲಿಲ್ಲ, ಅದು ವಧೂವರರಿಗೆ ತಿಳಿಯುವ ಹಾಗೆ ಮಾಡಿದರು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿಯಲ್ಲೇ ನಡೆಯಿತು.

ಅರ್ಥ ತಿಳಿಯದೆ ಹೇಳುವವರನ್ನು ಹಂಗಿಸುವ ಅಗತ್ಯವಿಲ್ಲ, ಅವರ ಶ್ರದ್ಧೆಗೆ ಅದರದ್ದೇ ಗೌರವವಿದೆ. ಅರ್ಥವೇ ಇಲ್ಲ ಎಂದು ಸಾಧಿಸುವವರ ಮಾತನ್ನು ಮಾತ್ರ ಒಪ್ಪಲಾಗದು. ಮುಂದಿನ ಸಲ ನಿಮ್ಮ ಮನೆಯಲ್ಲಿ ಪೂಜೆಯೋ ಮದುವೆಯೋ ನಡೆದಾಗ ಪುರೋಹಿತರನ್ನು ಒಂದೇ ಒಂದು ಮಂತ್ರದ ಅರ್ಥ ಕೇಳಿ. ಗೊತ್ತಿದ್ದವರು ಸಂತೋಷದಿಂದ ಹೇಳುತ್ತಾರೆ. ಗೊತ್ತಿಲ್ಲದವರು ಮುನಿಸಿಕೊಂಡರೆ, ನಿರುಕ್ತವೆಂಬ ವೇದಾಂಗ ಹುಟ್ಟಿದ್ದೇ ಇಂಥ ಪ್ರಶ್ನೆಗೆ ಉತ್ತರವಾಗಿ ಎಂದು ವಿನಯದಿಂದ ನೆನಪಿಸಿ.